ನಟ್‌ಗೆ ಕೈ ಹಾಕುವ ಮೊದಲು: ಹಳೆಯ ಎಂಜಿಬಿಯ ಜೋಡಿ ಕಾರ್ಬ್ಯುರೇಟರ್ ಮನೆಯಲ್ಲೇ ಸೆಟ್ ಮಾಡುವುದು

ಓದುಗರ ಪ್ರಶ್ನೆ:

"ನನ್ನ ಬಳಿ 1967ರ ಎಂಜಿಬಿ ಸ್ಪೋರ್ಟ್ಸ್ ಕಾರು ಇದೆ. ಎರಡು ಎಸ್‌ಯು ಎಚ್‌ಎಸ್4 ಕಾರ್ಬ್ಯುರೇಟರ್‌ಗಳು. ಕೊಂಡಾಗ ಚೆನ್ನಾಗಿಯೇ ಓಡುತ್ತಿತ್ತು. ಈಗ ಬೆಳಗ್ಗೆ ಚೋಕ್ ಎಳೆದರೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ. ಆದರೆ ಎಂಜಿನ್ ಬಿಸಿಯಾದ ಮೇಲೆ ಐಡ್ಲಿಂಗ್ ಒಂದು ಕಡೆ ನಿಲ್ಲುವುದಿಲ್ಲ. ಕೆಲವೊಮ್ಮೆ 1,400 ಆರ್‌ಪಿಎಂನಲ್ಲೇ ಸಿಕ್ಕಿಕೊಳ್ಳುತ್ತದೆ, ಕೆಲವೊಮ್ಮೆ 500ಕ್ಕೆ ಬಿದ್ದು ಆಫ್ ಆಗುತ್ತದೆ. ತಟ್ಟನೆ ಆಕ್ಸಿಲರೇಟರ್ ಒತ್ತಿದರೆ ಒಂದು ಕ್ಷಣ ಉಸಿರು ಹಿಡಿದಂತೆ ಆಗಿ ಆಮೇಲೆ ಎಳೆಯುತ್ತದೆ. ಕಾರು ನಿಲ್ಲಿಸಿದ ಮೇಲೆ ಬಾನೆಟ್ ಸುತ್ತ ಪೆಟ್ರೋಲ್ ವಾಸನೆ. ಪ್ಲಗ್ ಬಿಚ್ಚಿ ನೋಡಿದರೆ 1 ಮತ್ತು 2 ಬೆಳ್ಳಗಿವೆ, 3 ಮತ್ತು 4 ಕಪ್ಪು ಮಸಿ. ಗಾಳಿ-ಪೆಟ್ರೋಲ್ ಮಿಶ್ರಣ ಹೊಂದಿಸುವ ಕೆಳಗಿನ ಮಿಕ್ಸ್ಚರ್ ನಟ್‌ಗಳನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದೆ. ಹಿಂದಿನದನ್ನು ಎಷ್ಟು ತಿರುಗಿಸಿದೆ ಅಂತ ಈಗ ಲೆಕ್ಕವೇ ತಪ್ಪಿದೆ. ಒಬ್ಬ ಗೆಳೆಯ ಕಾರ್ಬ್ಯುರೇಟರ್ ಮೇಲಿನ ಗುಮ್ಮಟಕ್ಕೆ, ಅಂದರೆ ಡ್ಯಾಶ್‌ಪಾಟ್‌ಗೆ, 20ಡಬ್ಲ್ಯೂ-50 ಎಂಜಿನ್ ಆಯಿಲ್ ಹಾಕಿಸಿದ. ಇನ್ನೊಬ್ಬರು ಇವೆರಡನ್ನೂ ಕಿತ್ತು ಒಂದು ವೆಬರ್ ಕಾರ್ಬ್ಯುರೇಟರ್ ಹಾಕಿಸಿ ಅನ್ನುತ್ತಾರೆ. ಗ್ಯಾರೇಜಿನಲ್ಲಿ ಪೂರ್ತಿ ರೀಬಿಲ್ಡ್ ಬೇಕು ಅಂದರು. ಇದನ್ನು ಮನೆಯಲ್ಲೇ ನಾನೇ ಸರಿ ಮಾಡಲು ಆಗುತ್ತದಾ?"

ಉತ್ತರ:

ಆಗುತ್ತದೆ. ಆದರೆ ಇನ್ನು ಸ್ವಲ್ಪ ದಿನ ಆ ನಟ್‌ಗಳನ್ನು ಮುಟ್ಟಬೇಡಿ. ನೀವು ಬರೆದಿರುವುದನ್ನು ಓದಿದರೆ ನಿಮ್ಮ ಕಾರಿನಲ್ಲಿ ಒಂದಲ್ಲ, ಮೂರು ತೊಂದರೆಗಳು ಒಟ್ಟಿಗೆ ಇರುವಂತೆ ಕಾಣುತ್ತದೆ. ಎಲ್ಲಿಂದಲೋ ಗಾಳಿ ಒಳಗೆ ನುಗ್ಗುತ್ತಿದೆ. ಎಲ್ಲೋ ಪೆಟ್ರೋಲ್ ಹೊರಗೆ ಬರುತ್ತಿದೆ. ಇವೆರಡರ ಮೇಲೆ ಮಿಕ್ಸ್ಚರ್ ತಿರುಗಿಸಿದ ಗೊಂದಲ ಬೇರೆ. ಮೂರನ್ನೂ ನಟ್ ತಿರುಗಿಸಿಯೇ ಸರಿಮಾಡಲು ಹೋದರೆ ದಿನವಿಡೀ ಕಳೆದರೂ ಮುಗಿಯುವುದಿಲ್ಲ.

ನನ್ನ ಕೆಲಸದಲ್ಲಿ ಪದೇ ಪದೇ ಕಾಣುವ ವಿಷಯ ಇದು: ಎಸ್‌ಯು ಕಾರ್ಬ್ಯುರೇಟರ್ ತಾನಾಗಿಯೇ ಸೆಟ್ಟಿಂಗ್ ಕಳೆದುಕೊಳ್ಳುವುದು ತೀರಾ ಅಪರೂಪ. ನಟ್‌ಗೆ ಸ್ಪ್ರಿಂಗ್ ಹಿಡಿತ ಇದೆ, ಅದು ಸುಮ್ನೆ ತಿರುಗುವುದಿಲ್ಲ. ಹೋದ ವರ್ಷ ಚೆನ್ನಾಗಿದ್ದ ಗಾಡಿ ಈ ವರ್ಷ ಕೆಟ್ಟರೆ ಏನೋ ಸವೆದಿದೆ, ಹರಿದಿದೆ, ಕಟ್ಟಿಕೊಂಡಿದೆ ಅಥವಾ ಸಡಿಲವಾಗಿದೆ ಅಂತ ಅರ್ಥ. ಅದನ್ನು ಹುಡುಕದೆ ಮಿಕ್ಸ್ಚರ್ ಬದಲಿಸಿದರೆ ದೋಷ ಮುಚ್ಚಿಹೋಗುತ್ತದೆ, ಹೋಗುವುದಿಲ್ಲ.

ಈ ಎಸ್‌ಯು ಒಳಗೆ ಏನಾಗುತ್ತದೆ ಅಂತ ಮೊದಲು ನೋಡೋಣ. ಇದು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ. ಬಹಳಷ್ಟು ಕಾರ್ಬ್ಯುರೇಟರ್‌ಗಳಲ್ಲಿ ಐಡ್ಲಿಂಗ್‌ಗೆ ಒಂದು ಜೆಟ್ (ಪೆಟ್ರೋಲ್ ಬರುವ ಸಣ್ಣ ತೂತು), ಓಟಕ್ಕೆ ಇನ್ನೊಂದು, ತಟ್ಟನೆ ರೇಸ್ ಕೊಟ್ಟಾಗ ಪೆಟ್ರೋಲ್ ಚಿಮ್ಮಲು ಒಂದು ಪಂಪ್, ಹೀಗೆ ಬೇರೆ ಬೇರೆ ವ್ಯವಸ್ಥೆ ಇರುತ್ತದೆ. ಎಸ್‌ಯುನಲ್ಲಿ ಇರುವುದು ಒಂದೇ ಜೆಟ್. ಅದರೊಳಗೆ ತುದಿಗೆ ಹೋಗುತ್ತಾ ಸಣ್ಣದಾಗುವ ಒಂದು ಸೂಜಿ ಇಳಿದಿರುತ್ತದೆ. ಆ ಸೂಜಿ ಒಂದು ಪಿಸ್ಟನ್‌ಗೆ ಕಚ್ಚಿಕೊಂಡಿದೆ. ಎಂಜಿನ್ ಜಾಸ್ತಿ ಗಾಳಿ ಎಳೆದರೆ ಪಿಸ್ಟನ್ ಮೇಲೇರುತ್ತದೆ, ಗಾಳಿಯ ದಾರಿ ಅಗಲವಾಗುತ್ತದೆ, ಜೊತೆಗೇ ಸೂಜಿ ಮೇಲೆದ್ದು ಜೆಟ್‌ನ ಬಾಯಿ ದೊಡ್ಡದಾಗುತ್ತದೆ. ಗಾಳಿಗೆ ತಕ್ಕ ಪೆಟ್ರೋಲ್ ತಾನಾಗಿಯೇ ಸಿಗುತ್ತದೆ. ಸ್ಕಿನ್ನರ್ ಸೋದರರು ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಇದನ್ನು ರೂಪಿಸಿದಾಗ ಪಿಸ್ಟನ್ ಜಾಗದಲ್ಲಿ ಚರ್ಮದ ತಿದಿ ಇತ್ತು. ಅವರದು ಪಾದರಕ್ಷೆ ವ್ಯಾಪಾರದ ಮನೆತನ, ಹಾಗಾಗಿ ಚರ್ಮಕ್ಕೆ ಬರವಿರಲಿಲ್ಲ. ನಿಮ್ಮ ಎಚ್‌ಎಸ್4ರ ಹೆಸರಿನಲ್ಲಿರುವ 4 ಅಂದರೆ ಒಂದು ಇಂಚಿನ ಮೇಲೆ ಎಂಟನೇ ನಾಲ್ಕು ಭಾಗ, ಅಂದರೆ ಒಂದೂವರೆ ಇಂಚಿನ ಬಾಯಿ. ಒಳಗಿನ ಜೆಟ್ 0.090 ಇಂಚು.

ಇದರಿಂದ ಹೊರಡುವ ಮುಖ್ಯ ಮಾತು ಇಲ್ಲಿದೆ. ಕೆಳಗಿನ ಷಟ್ಕೋನ ನಟ್ ಬರೀ ಐಡ್ಲಿಂಗ್ ಸ್ಕ್ರೂ ಅಲ್ಲ. ಅದನ್ನು ಇಳಿಸಿದರೆ ಇಡೀ ಜೆಟ್ ಕೆಳಗಿಳಿಯುತ್ತದೆ, ಮಿಕ್ಸ್ಚರ್ ರಿಚ್ ಆಗುತ್ತದೆ, ಅಂದರೆ ಪೆಟ್ರೋಲ್ ಪಾಲು ಹೆಚ್ಚುತ್ತದೆ. ಏರಿಸಿದರೆ ಲೀನ್ ಆಗುತ್ತದೆ, ಅಂದರೆ ಪೆಟ್ರೋಲ್ ಪಾಲು ಕಡಿಮೆಯಾಗುತ್ತದೆ. ಇದು ಐಡ್ಲಿಂಗ್‌ನಿಂದ ಹಿಡಿದು ಪೂರ್ತಿ ವೇಗದವರೆಗೆ ಎಲ್ಲ ಕಡೆಯೂ ಆಗುತ್ತದೆ. ನಿಂತಲ್ಲಿ ಹದವಾಗಿ ಕೇಳಲಿ ಅಂತ ನೀವು ಮಾಡಿದ ಬದಲಾವಣೆ ಹೆದ್ದಾರಿಯಲ್ಲೂ ನಿಮ್ಮ ಜೊತೆಗೇ ಬರುತ್ತದೆ. ಲೀನ್ ಮಿಕ್ಸ್ಚರ್‌ನಲ್ಲಿ ಜೋರಾಗಿ ಓಡಿಸಿದರೆ ಎಕ್ಸಾಸ್ಟ್ ವಾಲ್ವ್ ಸುಡಬಹುದು, ಕೆಟ್ಟ ಸಂದರ್ಭದಲ್ಲಿ ಎಂಜಿನ್ ಪಿಸ್ಟನ್‌ಗೇ ಪೆಟ್ಟು ಬೀಳಬಹುದು. ನಿಮ್ಮ 1 ಮತ್ತು 2ನೇ ಪ್ಲಗ್ ಬೆಳ್ಳಗಿವೆ ಅಂದಿರಿ. ಇದು ಪತ್ತೆಯಾಗುವವರೆಗೆ ಗಾಡಿಯನ್ನು ಜೋರಾಗಿ ಓಡಿಸಬೇಡಿ.

ಇನ್ನು ಎಲ್ಲರೂ ಹೇಳುವ ಮಾತುಗಳು. ಡ್ಯಾಶ್‌ಪಾಟ್ ಆಯಿಲ್ ಬಗ್ಗೆ ನಿಮ್ಮ ಗೆಳೆಯರು ಹೇಳಿದ್ದರಲ್ಲಿ ಅರ್ಧ ನಿಜ. ಆ ಆಯಿಲ್ ಅಲ್ಲಿರುವುದು ಪಿಸ್ಟನ್ ತಟ್ಟನೆ ಮೇಲೇಳದಂತೆ ತಡೆಯಲು. ರೇಸ್ ಕೊಟ್ಟ ಕ್ಷಣ ಪಿಸ್ಟನ್ ತುಸು ತಡವಾಗಿ ಎದ್ದರೆ ಜೆಟ್ ಮೇಲೆ ಎಳೆತ ಹೆಚ್ಚಿ ಆ ಗಳಿಗೆಗೆ ಮಾತ್ರ ಪೆಟ್ರೋಲ್ ಹೆಚ್ಚು ಬರುತ್ತದೆ. ಬೇರೆ ಕಾರ್ಬ್ಯುರೇಟರ್‌ಗಳ ಪಂಪ್ ಮಾಡುವ ಕೆಲಸವನ್ನು ಇಲ್ಲಿ ಈ ಆಯಿಲ್ ಮಾಡುತ್ತದೆ. ಖಾಲಿಯಾದರೆ ಉಸಿರು ಹಿಡಿದಂತಾಗುತ್ತದೆ, ತೀರಾ ಮಂದವಾದರೆ ಗಾಡಿ ಜಡವಾಗುತ್ತದೆ. ಹಳೆಯ ಕೈಪಿಡಿಗಳ ಸಲಹೆ 20 ಗ್ರೇಡ್. 20ಡಬ್ಲ್ಯೂ-50 ಹಾಕಿ ಓಡಿಸುವವರೂ ಬಹಳ ಜನ ಇದ್ದಾರೆ, ಅದರಿಂದ ಗಾಡಿ ಕೆಡುವುದಿಲ್ಲ. ಆದರೆ ಐಡ್ಲಿಂಗ್‌ಗೂ ಆಯಿಲ್‌ಗೂ ಸಂಬಂಧವೇ ಇಲ್ಲ. ಐಡ್ಲಿಂಗ್‌ನಲ್ಲಿ ಪಿಸ್ಟನ್ ಬಹುತೇಕ ಒಂದೇ ಕಡೆ ನಿಂತಿರುತ್ತದೆ ಅಲ್ವಾ?

ಪ್ಲಗ್ ಬಣ್ಣ ನೋಡಿ ಮಿಕ್ಸ್ಚರ್ ಹೇಳಬಹುದು ಅನ್ನುವುದೂ ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಸೀಸ ಇದ್ದ ಪೆಟ್ರೋಲ್ ಕಾಲದ ಆ ತಿಳಿ ಕಂದು ಬಣ್ಣ ಈಗ ಅಷ್ಟು ಚೆನ್ನಾಗಿ ಮೂಡುವುದಿಲ್ಲ. ಹತ್ತು ನಿಮಿಷ ಐಡ್ಲಿಂಗ್‌ನಲ್ಲಿ ನಿಂತ ಗಾಡಿಯ ಪ್ಲಗ್ ಐಡ್ಲಿಂಗ್ ಕಥೆಯನ್ನಷ್ಟೇ ಹೇಳುತ್ತದೆ. ಆದರೆ ನಿಮ್ಮ ವಿಷಯದಲ್ಲಿ ಪ್ಲಗ್‌ಗಳು ಬೇರೊಂದು ಗುಟ್ಟು ಬಿಟ್ಟುಕೊಟ್ಟಿವೆ. ಎಂಜಿಬಿಯ 1,798 ಸಿಸಿ ಎಂಜಿನ್‌ನಲ್ಲಿ 1 ಮತ್ತು 2ನೇ ಸಿಲಿಂಡರ್‌ಗೆ ಒಂದೇ ಇನ್‌ಲೆಟ್ ದಾರಿ, 3 ಮತ್ತು 4ಕ್ಕೆ ಇನ್ನೊಂದು. ಮುಂದಿನ ಕಾರ್ಬ್ಯುರೇಟರ್ ಮೊದಲ ಜೋಡಿಗೆ, ಹಿಂದಿನದು ಎರಡನೇ ಜೋಡಿಗೆ. ಬಿಳಿ ಮತ್ತು ಕಪ್ಪು ಸರಿಯಾಗಿ ಜೋಡಿ ಜೋಡಿಯಾಗಿ ಬಂದಿವೆ. ಅಂದರೆ ಮುಂದಿನ ಕಾರ್ಬ್ಯುರೇಟರ್ ಕಡೆ ಲೀನ್, ಹಿಂದಿನ ಕಡೆ ರಿಚ್. ಒಂದೇ ಜೋಡಿಯೊಳಗೆ ಒಂದು ಬಿಳಿ ಒಂದು ಕಪ್ಪು ಇದ್ದಿದ್ದರೆ ನಾನು ಕಾರ್ಬ್ಯುರೇಟರ್ ಬಿಟ್ಟು ವಾಲ್ವ್, ಕಂಪ್ರೆಷನ್, ಪ್ಲಗ್ ವೈರ್ ಕಡೆ ಹೋಗುತ್ತಿದ್ದೆ. ಹಂಚಿಕೊಂಡ ದಾರಿಯಾದ್ದರಿಂದ ಒಂದು ಜೋಡಿಯ ಎರಡು ಪ್ಲಗ್‌ಗಳಲ್ಲಿ ಚೂರು ವ್ಯತ್ಯಾಸ ಎಷ್ಟೇ ಚೆನ್ನಾಗಿ ಸೆಟ್ ಮಾಡಿದರೂ ಉಳಿಯುತ್ತದೆ. ಅದರ ಹಿಂದೆ ಬೀಳಬೇಡಿ.

ಈಗ ಕೆಲಸಕ್ಕೆ ಇಳಿಯೋಣ. ಅದಕ್ಕೂ ಮೊದಲು ಒಂದು ಎಚ್ಚರಿಕೆ, ಇದನ್ನು ದಾಟಿ ಓದಬೇಡಿ. ಈ ಎಂಜಿನ್‌ನಲ್ಲಿ ಕಾರ್ಬ್ಯುರೇಟರ್ ಮತ್ತು ಎಕ್ಸಾಸ್ಟ್ ಎರಡೂ ಒಂದೇ ಬದಿಯಲ್ಲಿವೆ. ಸೋರಿದ ಪೆಟ್ರೋಲ್ ಬೀಳುವುದು ಸುಡುವ ಕಬ್ಬಿಣದ ಹತ್ತಿರ. ನಿಮಗೆ ಬರುತ್ತಿರುವ ವಾಸನೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ, ಮೊದಲು ಸರಿಮಾಡಬೇಕಾದದ್ದು ಅದನ್ನೇ. ಕೆಲಸ ಬಯಲಲ್ಲಿ ಮಾಡಿ, ಮುಚ್ಚಿದ ಗ್ಯಾರೇಜಿನಲ್ಲಿ ಎಂಜಿನ್ ಓಡಿಸಬೇಡಿ. ಪೆಟ್ರೋಲ್ ಆಯಿಲ್‌ನ ಬೆಂಕಿಗೆ ಆಗುವ ಅಗ್ನಿಶಾಮಕ ಕೈಗೆಟುಕುವಲ್ಲಿ ಇರಲಿ. ಪೆಟ್ರೋಲ್ ಪೈಪ್ ಬಿಚ್ಚುವ ಮೊದಲು ಬ್ಯಾಟರಿ ಕಳಚಿ. ಮುಂದೆ ತಿರುಗುವ ಫ್ಯಾನ್ ಇದೆ, ಸಡಿಲ ತೋಳಿನ ಅಂಗಿ ಬೇಡ.

ವಾಸನೆಗೆ ಸುಲಭದ ಪರೀಕ್ಷೆ ಇದೆ. ಇಗ್ನಿಷನ್ ಆನ್ ಮಾಡಿ, ಸ್ಟಾರ್ಟ್ ಮಾಡಬೇಡಿ. ಹಿಂದುಗಡೆಯ ಎಲೆಕ್ಟ್ರಿಕ್ ಪಂಪ್ ಟಿಕ್ ಟಿಕ್ ಅನ್ನುತ್ತಾ ಫ್ಲೋಟ್ ಚೇಂಬರ್ (ಕಾರ್ಬ್ಯುರೇಟರ್ ಪಕ್ಕದ ಪುಟ್ಟ ಪೆಟ್ರೋಲ್ ತೊಟ್ಟಿ) ತುಂಬಿದ ಮೇಲೆ ಸುಮ್ಮನಾಗಬೇಕು. ನಿಲ್ಲದೆ ಬಡಿಯುತ್ತಲೇ ಇದ್ದರೆ ಪೆಟ್ರೋಲ್ ಎಲ್ಲೋ ಹೊರಗೆ ಹೋಗುತ್ತಿದೆ, ಇಲ್ಲವೇ ಪಂಪ್ ಗಾಳಿ ಎಳೆಯುತ್ತಿದೆ. ಅರ್ಧ ನಿಮಿಷಕ್ಕಿಂತ ಹೆಚ್ಚು ಹಾಗೆ ಬಿಡಬೇಡಿ, ಡಿಸ್ಟ್ರಿಬ್ಯೂಟರ್‌ನ ಪಾಯಿಂಟ್ ಮುಚ್ಚಿದ್ದರೆ ಇಗ್ನಿಷನ್ ಕಾಯಿಲ್ ಬಿಸಿಯಾಗುತ್ತದೆ. ಫ್ಲೋಟ್ ಚೇಂಬರ್‌ನ ಓವರ್‌ಫ್ಲೋ ಪೈಪ್ ತೊಟ್ಟಿಕ್ಕುತ್ತಿದ್ದರೆ ಮುಚ್ಚಳದೊಳಗಿನ ನೀಡಲ್ ವಾಲ್ವ್‌ನಲ್ಲಿ ಕಸ ಕೂತಿದೆ, ಅಥವಾ ಅದು ಸವೆದಿದೆ, ಅಥವಾ ಫ್ಲೋಟ್ ತೂತಾಗಿ ಒಳಗೆ ಪೆಟ್ರೋಲ್ ಸೇರಿದೆ. ಫ್ಲೋಟ್ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗೊತ್ತಾಗುತ್ತದೆ. ನೈಲಾನ್ ಫ್ಲೋಟ್ ಇದ್ದರೆ ಮುಚ್ಚಳವನ್ನು ತಲೆಕೆಳಗು ಹಿಡಿದಾಗ ಮುಚ್ಚಳಕ್ಕೂ ಫ್ಲೋಟ್‌ಗೂ ನಡುವೆ 3.2ರಿಂದ 4.8 ಮಿ.ಮೀ. ಅಂತರ ಇರಬೇಕು. ಒಂದು ಡ್ರಿಲ್ ಬಿಟ್ ಅಡ್ಡ ಇಟ್ಟು ಅಳೆಯಬಹುದು. ಫ್ಲೋಟ್ ಚೇಂಬರ್‌ನಿಂದ ಜೆಟ್‌ಗೆ ಹೋಗುವ ತೆಳು ನೈಲಾನ್ ಪೈಪ್‌ನ ಬುಡವನ್ನೂ ನೋಡಿ, ಅಲ್ಲಿನ ಸಣ್ಣ ರಬ್ಬರ್ ಒಣಗಿ ಸೋರುವುದು ಮಾಮೂಲು. ಪೆಟ್ರೋಲ್ ಮಟ್ಟ ಒಂದು ಕಡೆ ಎತ್ತರ ಇದ್ದರೆ ಆ ಕಾರ್ಬ್ಯುರೇಟರ್ ರಿಚ್ ಓಡುತ್ತದೆ. ನಿಮ್ಮ ಹಿಂದಿನ ಜೋಡಿಯ ಮಸಿಗೆ ಇದೂ ಒಂದು ಕಾರಣ ಇರಬಹುದು.

ಎಥೆನಾಲ್ ಬೆರೆತ ಪೆಟ್ರೋಲ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಹಳೆಯ ರಬ್ಬರ್ ಪೈಪ್‌ಗಳನ್ನು ಅದು ಒಳಗಿಂದ ಮೆತ್ತಗಾಗಿಸುತ್ತದೆ. ಉದುರಿದ ಚೂರುಗಳು ನೀಡಲ್ ವಾಲ್ವ್‌ಗೆ ಹೋಗಿ ಕೂರುತ್ತವೆ. ಪೈಪ್‌ಗಳು ಯಾವ ಕಾಲದವು ಅಂತ ಗೊತ್ತಿಲ್ಲದಿದ್ದರೆ ಎಥೆನಾಲ್ ತಡೆಯುವ ಹೊಸ ಪೈಪ್ ಹಾಕಿಬಿಡಿ. ಇನ್ನೊಂದು, ಪೂರ್ತಿ ಉರಿಯಲು ಶುದ್ಧ ಪೆಟ್ರೋಲ್‌ನ ಒಂದು ಪಾಲಿಗೆ ತೂಕದಲ್ಲಿ 14.7 ಪಾಲು ಗಾಳಿ ಬೇಕಾದರೆ, ನೂರಕ್ಕೆ 10 ಎಥೆನಾಲ್ ಇರುವ ಪೆಟ್ರೋಲ್‌ಗೆ ಸುಮಾರು 14.1 ಸಾಕು. ಕಾರ್ಬ್ಯುರೇಟರ್‌ಗೆ ಇದು ತಿಳಿಯುವುದಿಲ್ಲ, ಹಳೆಯ ಲೆಕ್ಕದಲ್ಲೇ ಸುರಿಯುತ್ತದೆ. ಹಾಗಾಗಿ ಹಿಂದೆ ಹದವಾಗಿದ್ದ ಸೆಟ್ಟಿಂಗ್ ಈಗ ತುಸು ಲೀನ್ ಆಗುತ್ತದೆ. ನಟ್‌ನ ಒಂದೆರಡು ಮುಖದಷ್ಟು (ಆರು ಮುಖಕ್ಕೆ ಒಂದು ಸುತ್ತು) ಇಳಿಸಿದರೆ ಸರಿಹೋಗುವಷ್ಟು, ಅಷ್ಟೇ.

ಮುಂದಿನದು ಇಗ್ನಿಷನ್ ಮತ್ತು ಟ್ಯಾಪೆಟ್. ಕಾರ್ಬ್ಯುರೇಟರ್ ಕೆಟ್ಟಿದೆ ಅಂತ ಬರುವ ಗಾಡಿಗಳಲ್ಲಿ ದೋಷ ಡಿಸ್ಟ್ರಿಬ್ಯೂಟರ್‌ನಲ್ಲಿ ಸಿಗುವುದು ನಮಗೆ ಹೊಸದೇನಲ್ಲ. ಟ್ಯಾಪೆಟ್ ಅಂತರ (ವಾಲ್ವ್ ತುದಿಯಲ್ಲಿ ಬಿಡುವ ಸಂದು) ಎಂಜಿನ್ ತಣ್ಣಗಿರುವಾಗ 0.015 ಇಂಚು, ಪಾಯಿಂಟ್ ಅಂತರ 0.014ರಿಂದ 0.016, ಪ್ಲಗ್ ಅಂತರ 0.025. ಟೈಮಿಂಗ್ ನಿಮ್ಮ ಎಂಜಿನ್ ನಂಬರಿಗೆ ತಕ್ಕಂತೆ ಕೈಪಿಡಿಯಲ್ಲಿರುವಷ್ಟು. ವ್ಯಾಕ್ಯೂಮ್ ಅಡ್ವಾನ್ಸ್ ಪೈಪನ್ನು ಕಾರ್ಬ್ಯುರೇಟರ್ ಕಡೆಯಿಂದ ಬಿಚ್ಚಿ ಬಾಯಿಂದ ಎಳೆದು ನಾಲಿಗೆ ಒತ್ತಿ ಹಿಡಿಯಿರಿ. ಎಳೆತ ನಿಂತರೆ ಒಳಗಿನ ಡಯಾಫ್ರಮ್ ಚೆನ್ನಾಗಿದೆ. ಗಾಳಿ ಸಲೀಸಾಗಿ ಬಂದರೆ ಹರಿದಿದೆ. ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆದು ರೋಟರ್ ತಿರುಗಿಸಿ ಬಿಡಿ, ಸ್ಪ್ರಿಂಗ್ ಅದನ್ನು ವಾಪಸ್ ಎಳೆಯಬೇಕು. ತೂಕಗಳು ಅಂಟಿಕೊಂಡು ಟೈಮಿಂಗ್ ಮುಂದಕ್ಕೇ ಉಳಿದರೂ ಐಡ್ಲಿಂಗ್ ನಿಮ್ಮದರಂತೆ 1,400ರಲ್ಲಿ ನಿಲ್ಲುತ್ತದೆ.

ಆ 1,400ಕ್ಕೆ ಕಾರಣ ಹುಡುಕುವ ವಿಧಾನ ಇದು. ಐಡ್ಲಿಂಗ್ ಸಿಕ್ಕಿಕೊಂಡಾಗ ಬಾನೆಟ್ ಎತ್ತಿ, ಎರಡೂ ಥ್ರಾಟಲ್ ಲಿವರ್‌ಗಳನ್ನು ಕೈಯಿಂದ ಮುಚ್ಚುವ ಕಡೆಗೆ ಒತ್ತಿ. ಎಂಜಿನ್ ಇಳಿದರೆ ತೊಂದರೆ ಕೇಬಲ್, ರಿಟರ್ನ್ ಸ್ಪ್ರಿಂಗ್ ಅಥವಾ ಎರಡು ಕಾರ್ಬ್ಯುರೇಟರ್‌ಗಳನ್ನು ಜೋಡಿಸುವ ಸರಳಿನಲ್ಲಿದೆ. ಚೋಕ್ ತಳ್ಳಿದ ಮೇಲೂ ಫಾಸ್ಟ್ ಐಡಲ್ ಸ್ಕ್ರೂ ಕ್ಯಾಮ್‌ಗೆ ತಾಗುತ್ತಿದೆಯಾ ಅಂತಲೂ ನೋಡಿ, ಅಲ್ಲಿ ಚೂರು ಅಂತರ ಇರಲೇಬೇಕು. ಒತ್ತಿದರೂ ಇಳಿಯದಿದ್ದರೆ ಕಳ್ಳಗಾಳಿ ಅಥವಾ ಟೈಮಿಂಗ್.

ಕಳ್ಳಗಾಳಿ ಅಂದರೆ ಕಾರ್ಬ್ಯುರೇಟರ್ ದಾಟಿ, ಪೆಟ್ರೋಲ್ ಜೊತೆಯಿಲ್ಲದೆ ಒಳಗೆ ನುಗ್ಗುವ ಗಾಳಿ. ನಿಮ್ಮ ಕಾರಿನಲ್ಲಿ ನನಗೆ ಮೊದಲ ಅನುಮಾನ ಮುಂದಿನ ಕಾರ್ಬ್ಯುರೇಟರ್‌ನ ಥ್ರಾಟಲ್ ಸ್ಪಿಂಡಲ್, ಅಂದರೆ ಥ್ರಾಟಲ್ ತಟ್ಟೆ ಕೂತಿರುವ ಸರಳಿನ ಮೇಲೆ. ವರ್ಷಗಟ್ಟಲೆ ತಿರುಗಿ ತಿರುಗಿ ಅದೂ ಅದರ ತೂತೂ ಸವೆಯುತ್ತವೆ. ಸ್ಪಿಂಡಲ್‌ನ ತುದಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ, ಕೈಗೆ ಆಟ ಸಿಕ್ಕರೆ ಸವೆದಿದೆ. ಖಚಿತ ಮಾಡಿಕೊಳ್ಳಲು ಬಹಳ ಜನ ಕಾರ್ಬ್ಯುರೇಟರ್ ಕ್ಲೀನರ್ ಸ್ಪ್ರೇ ಹೊಡೆಯುತ್ತಾರೆ. ಬಿಸಿ ಎಕ್ಸಾಸ್ಟ್ ಮೇಲೆ ಉರಿಯುವ ಸ್ಪ್ರೇ ಹೊಡೆಯುವುದು ನನಗೆ ಇಷ್ಟವಿಲ್ಲ. ಬದಲಿಗೆ ಎಣ್ಣೆ ಡಬ್ಬಿಯಿಂದ ಎರಡು ಹನಿ ಎಂಜಿನ್ ಆಯಿಲ್ ಸ್ಪಿಂಡಲ್ ತುದಿಗೆ ಬಿಡಿ. ಸಂದು ಸ್ವಲ್ಪ ಹೊತ್ತು ಮುಚ್ಚಿಕೊಂಡು ಐಡ್ಲಿಂಗ್ ಬದಲಾದರೆ ಗಾಳಿ ಎಳೆಯುತ್ತಿದ್ದದ್ದು ಅಲ್ಲೇ. ಹಾಗೆಯೇ ಕಾರ್ಬ್ಯುರೇಟರ್ ಮತ್ತು ಮ್ಯಾನಿಫೋಲ್ಡ್ ನಡುವಿನ ಗ್ಯಾಸ್ಕೆಟ್‌ಗಳು, ಬ್ರೇಕ್ ಸರ್ವೊ ಇದ್ದರೆ ಅದರ ಪೈಪ್. 1967ರ ಕಾರಿನಲ್ಲಿ ಇನ್ನೊಂದು ಕಳ್ಳ ಇದ್ದಾನೆ: ಇನ್‌ಲೆಟ್ ಮ್ಯಾನಿಫೋಲ್ಡ್ ಮೇಲೆ ಕೂತ, ಎಂಜಿನ್‌ನ ಹೊಗೆಯನ್ನು ವಾಪಸ್ ಎಳೆಯುವ ದುಂಡನೆಯ ವಾಲ್ವ್. ಅದರ ರಬ್ಬರ್ ಹರಿದರೆ ದಂಡಿಯಾಗಿ ಗಾಳಿ ಬರುತ್ತದೆ. ಐಡ್ಲಿಂಗ್‌ನಲ್ಲಿ ಆಯಿಲ್ ಹಾಕುವ ಮುಚ್ಚಳ ತೆಗೆದರೆ ವೇಗ ಕಿವಿಗೆ ಗೊತ್ತಾಗುವಷ್ಟು ಏರಬೇಕು. ಏನೂ ಬದಲಾಗದಿದ್ದರೆ ಆ ವಾಲ್ವ್ ಬಿಚ್ಚಿ ನೋಡಿ. ಆದರೆ ಅದು ಕೆಟ್ಟರೆ ನಾಲ್ಕೂ ಸಿಲಿಂಡರ್‌ಗೆ ಅದರ ಪರಿಣಾಮ ತಟ್ಟಬೇಕು. ನಿಮ್ಮದು ಮುಂದಿನ ಜೋಡಿಗೆ ಮಾತ್ರ, ಹಾಗಾಗಿ ಸ್ಪಿಂಡಲ್ ಅಥವಾ ಮುಂದಿನ ಗ್ಯಾಸ್ಕೆಟ್ ಅಂತಲೇ ನನ್ನ ಊಹೆ. ಆ ಕೊರತೆಯನ್ನು ತುಂಬಲು ನೀವು ಹಿಂದಿನದನ್ನು ರಿಚ್ ಮಾಡುತ್ತಾ ಹೋಗಿದ್ದೀರಿ.

ಸೋರಿಕೆ ನಿಂತ ಮೇಲೆ ಸೆಟ್ಟಿಂಗ್. ಲೆಕ್ಕ ತಪ್ಪಿದೆ ಅಂದಿರಲ್ಲ, ಚಿಂತೆ ಬೇಡ, ಮತ್ತೆ ಸೊನ್ನೆಯಿಂದ ಶುರು ಮಾಡೋಣ. ಡ್ಯಾಶ್‌ಪಾಟ್‌ಗಳಿಗೂ ಬಾಡಿಗೂ ಗುರುತು ಹಾಕಿ ಬಿಚ್ಚಿ. ಪಿಸ್ಟನ್ ಮತ್ತು ಅದರ ಡ್ಯಾಶ್‌ಪಾಟ್ ಕಾರ್ಖಾನೆಯಲ್ಲೇ ಹೊಂದಿಸಿದ ಜೋಡಿ, ಮುಂದಿನದು ಹಿಂದಿನದಕ್ಕೆ ಹೋಗಬಾರದು. ಒಳಗೆ ಬಟ್ಟೆಯಿಂದ ಒರೆಸಿ, ಉಪ್ಪುಕಾಗದ ಖಂಡಿತ ಬೇಡ. ಎರಡೂ ಸೂಜಿಗಳ ಮೇಲಿನ ಗುರುತು ಒಂದೇ ಇದೆಯಾ, ಸೂಜಿಯ ಭುಜ ಪಿಸ್ಟನ್‌ನ ತಳಕ್ಕೆ ಸಮ ಇದೆಯಾ, ಎರಡೂ ಸ್ಪ್ರಿಂಗ್‌ಗಳಿಗೆ ಕೆಂಪು ಬಣ್ಣ ಇದೆಯಾ ನೋಡಿ. ಹಿಂದಿನ ಮಾಲೀಕರು ಒಂದೊಂದು ಕಡೆ ಒಂದೊಂದು ಸೂಜಿ ಹಾಕಿಟ್ಟಿರುವುದುಂಟು. ಆಮೇಲೆ ಎರಡೂ ನಟ್‌ಗಳನ್ನು ಮೇಲಕ್ಕೆ ತಿರುಗಿಸಿ, ಜೆಟ್‌ನ ಬಾಯಿ ಒಳಗಿನ ಸೇತುವೆಗೆ (ಪಿಸ್ಟನ್ ಕೆಳಗಿನ ದಿಬ್ಬಕ್ಕೆ) ಸರಿಸಮ ಆಗುವವರೆಗೆ. ಅಲ್ಲಿಂದ 12 ಮುಖ, ಅಂದರೆ ಪೂರ್ತಿ ಎರಡು ಸುತ್ತು ಕೆಳಗೆ. ಎರಡೂ ಕಡೆ ಒಂದೇ ಲೆಕ್ಕ. ಜೋಡಿಸಿದ ಮೇಲೆ ಪಿಸ್ಟನ್ ಎತ್ತಿ ಬಿಡಿ, ಟಕ್ ಅಂತ ಲೋಹದ ಸದ್ದಿನೊಂದಿಗೆ ಬೀಳಬೇಕು. ಸದ್ದಿಲ್ಲದೆ ನಿಂತರೆ ಸೂಜಿ ಜೆಟ್‌ಗೆ ಉಜ್ಜುತ್ತಿದೆ, ಜೆಟ್ಟನ್ನು ಮಧ್ಯಕ್ಕೆ ತರಬೇಕು. ಅದನ್ನು ಬಿಟ್ಟು ಮುಂದೆ ಹೋದರೆ ಪ್ರಯೋಜನವಿಲ್ಲ. ಕೊನೆಗೆ ಆಯಿಲ್ ಹಾಕಿ. ಡ್ಯಾಂಪರ್ (ಡ್ಯಾಶ್‌ಪಾಟ್ ಮುಚ್ಚಳಕ್ಕೆ ಸೇರಿದ ಕಡ್ಡಿ) ಇಳಿಸುವಾಗ ಮುಚ್ಚಳ ಕೂರಲು ಸುಮಾರು 6 ಮಿ.ಮೀ. ಬಾಕಿ ಇರುವಾಗ ಕೈಗೆ ತಡೆ ಸಿಕ್ಕರೆ ಅಷ್ಟು ಸಾಕು.

ಎರಡು ಕಾರ್ಬ್ಯುರೇಟರ್ ಅಂದರೆ ಒಂದೇ ನೊಗಕ್ಕೆ ಕಟ್ಟಿದ ಜೋಡೆತ್ತು. ನೊಗ ಬಿಚ್ಚದೆ ಯಾವುದು ಎಷ್ಟು ಎಳೆಯುತ್ತಿದೆ ಅಂತ ತಿಳಿಯುವುದಿಲ್ಲ. ಹಾಗಾಗಿ ಥ್ರಾಟಲ್‌ಗಳನ್ನು ಜೋಡಿಸುವ ಸರಳಿನ ಕ್ಲ್ಯಾಂಪ್, ಚೋಕ್ ಸರಳಿನ ಕ್ಲ್ಯಾಂಪ್, ಎರಡನ್ನೂ ಸಡಿಲಿಸಿ. ಏರ್ ಫಿಲ್ಟರ್ ತೆಗೆಯಿರಿ. ಥ್ರಾಟಲ್ ಸ್ಕ್ರೂ ಎರಡನ್ನೂ ಪೂರ್ತಿ ಹಿಂದಕ್ಕೆ ಬಿಟ್ಟು, ಈಗಷ್ಟೇ ತಾಗಿತು ಅನ್ನುವಲ್ಲಿಂದ ಒಂದೊಂದು ಸುತ್ತು ಒಳಗೆ. ಎಂಜಿನ್ ಚೆನ್ನಾಗಿ ಬಿಸಿಯಾಗಲಿ. ಈಗ ಒಂದು ಮಾರುದ್ದದ ಸಣ್ಣ ರಬ್ಬರ್ ಟ್ಯೂಬ್‌ನ ಒಂದು ತುದಿ ಕಿವಿಗೆ, ಇನ್ನೊಂದು ತುದಿ ಕಾರ್ಬ್ಯುರೇಟರ್‌ನ ಬಾಯಿಗೆ. ಹಿಸ್ ಅನ್ನುವ ಸದ್ದು ಎರಡೂ ಕಡೆ ಒಂದೇ ಸಮ ಬರುವವರೆಗೆ ಥ್ರಾಟಲ್ ಸ್ಕ್ರೂಗಳನ್ನು ಚೂರು ಚೂರೇ ತಿರುಗಿಸಿ. ಗಾಳಿ ಅಳೆಯುವ ಮೀಟರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ಟ್ಯೂಬ್ ಮೋಸ ಮಾಡುವುದಿಲ್ಲ. ವೇಗ 800ರ ಆಸುಪಾಸಿಗೆ ಬರಲಿ.

ಮಿಕ್ಸ್ಚರ್‌ನ ಸರದಿ ಬರುವುದು ಇದಾದ ಮೇಲೆ. ಎರಡೂ ನಟ್‌ಗಳನ್ನು ಒಂದೊಂದೇ ಮುಖ, ಒಂದೇ ದಿಕ್ಕಿಗೆ, ಒಟ್ಟೊಟ್ಟಿಗೆ ತಿರುಗಿಸುತ್ತಾ ಎಂಜಿನ್ ಅತಿ ಹೆಚ್ಚು ವೇಗದಲ್ಲಿ ಓಡುವ ಜಾಗ ಹುಡುಕಿ. ಅಲ್ಲಿಂದ ವೇಗ ಈಗಷ್ಟೇ ಇಳಿಯಲು ಶುರುವಾಯಿತು ಅನ್ನುವವರೆಗೆ ಮೇಲಕ್ಕೆ. ಪ್ರತಿ ಸಲ ಜೆಟ್ಟನ್ನು ಕೆಳಗಿನಿಂದ ಬೆರಳಲ್ಲಿ ಒತ್ತಿ ನಟ್‌ಗೆ ತಾಗಿಸಿ, ಇಲ್ಲದಿದ್ದರೆ ನಟ್ ಏರಿದರೂ ಜೆಟ್ ಕೆಳಗೇ ಉಳಿದಿರುತ್ತದೆ. ಎಂಜಿನ್ ಬಹಳ ಹೊತ್ತು ಐಡ್ಲಿಂಗ್‌ನಲ್ಲೇ ನಿಂತರೆ ಮ್ಯಾನಿಫೋಲ್ಡ್‌ನಲ್ಲಿ ಪೆಟ್ರೋಲ್ ಕೂಡಿಕೊಂಡು ತಪ್ಪು ದಾರಿ ತೋರಿಸುತ್ತದೆ. ಮೂರು ನಿಮಿಷಕ್ಕೊಮ್ಮೆ 2,500ಕ್ಕೆ ಏರಿಸಿ ಅರ್ಧ ನಿಮಿಷ ಹಿಡಿಯಿರಿ.

ಸರಿಯಾಯಿತಾ ಅಂತ ಕೇಳಬೇಕಾದದ್ದು ಎಂಜಿನ್ನನ್ನೇ. ಪ್ರತಿ ಕಾರ್ಬ್ಯುರೇಟರ್‌ನ ಕೆಳಗೆ ಸ್ಪ್ರಿಂಗ್ ಇರುವ ಸಣ್ಣ ಪಿನ್ ಇದೆ. ಅದನ್ನು ಒತ್ತಿ ಪಿಸ್ಟನ್ನನ್ನು 0.8 ಮಿ.ಮೀ.ನಷ್ಟು ಮಾತ್ರ ಎತ್ತಿ. ವೇಗ ಏರಿ ಅಲ್ಲೇ ನಿಂತರೆ ರಿಚ್. ತಕ್ಷಣ ಬಿದ್ದರೆ ಲೀನ್. ಒಂದು ಕ್ಷಣ ತುಸು ಏರಿ ಮತ್ತೆ ಮೊದಲಿನಂತಾದರೆ ಹದ. ಜಾಸ್ತಿ ಎತ್ತಿದರೆ ಎಲ್ಲ ಗಾಡಿಯೂ ಲೀನ್ ಅಂತಲೇ ಹೇಳುತ್ತದೆ, ಹೊಸಬರು ಎಡವುವುದು ಇಲ್ಲೇ. ಅರ್ಧ ಇಂಚು ಎತ್ತುವುದಕ್ಕೂ ಒಂದು ಉಪಯೋಗ ಇದೆ: ಆ ಕಾರ್ಬ್ಯುರೇಟರ್ ಕೆಲಸ ನಿಲ್ಲಿಸುತ್ತದೆ, ಎಂಜಿನ್ ಇನ್ನೊಂದರ ಮೇಲೆ ಕುಂಟುತ್ತದೆ. ಹಿಂದಿನದನ್ನು ಎತ್ತಿದಾಗ ಗಾಡಿ ಆಫ್ ಆದರೆ ಮುಂದಿನದು ತನ್ನ ಪಾಲು ಎಳೆಯುತ್ತಿಲ್ಲ. ಸೈಲೆನ್ಸರ್‌ಗೂ ಕಿವಿಗೊಡಿ. ತಾಳ ಹಾಕಿದಂತೆ ಕ್ರಮವಾಗಿ ಮಿಸ್ ಹೊಡೆಯುತ್ತಾ ಕಪ್ಪು ಹೊಗೆ ಬಂದರೆ ರಿಚ್. ಹೊತ್ತುಗೊತ್ತಿಲ್ಲದೆ ಮಿಸ್ ಹೊಡೆಯುತ್ತಿದ್ದು ಹೊಗೆಯಲ್ಲಿ ಬಣ್ಣವಿಲ್ಲದಿದ್ದರೆ ಲೀನ್. ಒಂದು ಕಡೆ ಬದಲಿಸಿದರೆ ಇನ್ನೊಂದು ಕಡೆಯೂ ಅಲುಗುತ್ತದೆ, ಆದ್ದರಿಂದ ಗಾಳಿಯನ್ನೂ ಪಿನ್ ಪರೀಕ್ಷೆಯನ್ನೂ ಎರಡು ಮೂರು ಸುತ್ತು ಮಾಡಬೇಕಾಗುತ್ತದೆ. ಕೊನೆಗೆ ಕ್ಲ್ಯಾಂಪ್‌ಗಳನ್ನು ಬಿಗಿ ಮಾಡಿ, ಎರಡೂ ಥ್ರಾಟಲ್ ಒಂದೇ ಕ್ಷಣಕ್ಕೆ ತೆರೆಯುವಂತೆ. 1,500ರಲ್ಲಿ ಹಿಡಿದು ಮತ್ತೊಮ್ಮೆ ಹಿಸ್ ಸದ್ದು ಹೋಲಿಸಿ. ಐಡ್ಲಿಂಗ್‌ನಲ್ಲಿ ಸಮ ಇದ್ದು ಇಲ್ಲಿ ಬೇರೆಯಾದರೆ ಕ್ಲ್ಯಾಂಪ್ ಬಿಗಿಯುವಾಗ ಸರಳು ಸರಿದಿದೆ.

ಹೊಗೆಯಲ್ಲಿರುವ ಆಮ್ಲಜನಕ ಅಳೆಯುವ ವೈಡ್‌ಬ್ಯಾಂಡ್ ಸೆನ್ಸರನ್ನು ಎಕ್ಸಾಸ್ಟ್‌ಗೆ ಹಾಕಿಸಿಕೊಂಡರೆ ಓಡುವಾಗಿನ ಮಿಕ್ಸ್ಚರ್ ಕಣ್ಣೆದುರೇ ಕಾಣುತ್ತದೆ. ನಿಮಗೆ ಈಗ ಅದು ಬೇಕಾಗಿಲ್ಲ.

ವೆಬರ್ ಬಗ್ಗೆ ನನ್ನ ನೇರ ಅಭಿಪ್ರಾಯ: ಈ ತೊಂದರೆಗೆ ಅದು ಮದ್ದಲ್ಲ. ಅದು ಒಳ್ಳೆಯ ಕಾರ್ಬ್ಯುರೇಟರ್, ಹೆಚ್ಚು ಶಕ್ತಿಗಾಗಿ ಬೇರೆ ಕ್ಯಾಮ್ ಹಾಕಿದ ರೇಸ್ ಎಂಜಿನ್‌ಗೆ ಅದರ ಬೆಲೆ ತಿಳಿಯುತ್ತದೆ. ಆದರೆ ಅದರ ಚೋಕ್ ಟ್ಯೂಬ್, ಮೇನ್ ಜೆಟ್, ಐಡಲ್ ಜೆಟ್, ಏರ್ ಜೆಟ್, ಎಮಲ್ಷನ್ ಟ್ಯೂಬ್ ಎಲ್ಲವನ್ನೂ ನಿಮ್ಮ ಎಂಜಿನ್‌ಗೆ ಹೊಂದಿಸಬೇಕು. ಹೊಂದಿಸದೆ ಡಬ್ಬಿಯಿಂದ ತೆಗೆದು ಹಾಕಿದರೆ ಪೆಟ್ರೋಲ್ ಕುಡಿಯುತ್ತದೆ, ಪಿಕಪ್‌ನಲ್ಲೂ ಹೇಳಿಕೊಳ್ಳುವಂಥ ಲಾಭ ಕಾಣುವುದಿಲ್ಲ. ಹರಿದ ವಾಲ್ವ್ ರಬ್ಬರ್, ಅಂಟಿದ ಡಿಸ್ಟ್ರಿಬ್ಯೂಟರ್ ತೂಕ ಅಲ್ಲೇ ಉಳಿದಿದ್ದರೆ ವೆಬರ್ ಮೇಲೂ ಅದೇ ಗೋಳು. ಮೇಲಾಗಿ ಕಾರಿನ ಮೂಲ ರೂಪ ಹೋಗುತ್ತದೆ.

ಗ್ಯಾರೇಜಿನವರ ರೀಬಿಲ್ಡ್ ಮಾತು ಸ್ಪಿಂಡಲ್ ಮೇಲೆ ನಿಂತಿದೆ. ಸ್ಪಿಂಡಲ್‌ನಲ್ಲಿ ಆಟ ಇಲ್ಲದಿದ್ದರೆ ಗ್ಯಾಸ್ಕೆಟ್, ನೀಡಲ್ ವಾಲ್ವ್, ಜೆಟ್‌ನ ರಬ್ಬರ್ ಇಷ್ಟೇ ಸಾಕು, ನೀವೇ ಮಾಡಬಹುದು. ಆಟ ಇದ್ದರೆ ಮೊದಲು ಹೊಸ ಸ್ಪಿಂಡಲ್ ಮಾತ್ರ ಹಾಕಿ ನೋಡಿ. ಕೆಲವೊಮ್ಮೆ ಸವೆದಿರುವುದು ಅದಷ್ಟೇ, ಬಾಡಿ ಚೆನ್ನಾಗಿರುತ್ತದೆ. ಥ್ರಾಟಲ್ ತಟ್ಟೆಯ ಎರಡು ಪುಟ್ಟ ಸ್ಕ್ರೂಗಳ ಸೀಳಿದ ತುದಿಯನ್ನು ಮತ್ತೆ ಅಗಲಿಸುವುದನ್ನು ಮರೆಯಬೇಡಿ. ಕಳಚಿದರೆ ಅವು ನೇರ ಎಂಜಿನ್ ಒಳಗೇ ಹೋಗುತ್ತವೆ. ಬಾಡಿಯ ತೂತೇ ಸವೆದಿದ್ದರೆ ಬುಷ್ ಹಾಕಿಸಬೇಕು. ಇದನ್ನು ಕೈ ಡ್ರಿಲ್‌ನಲ್ಲಿ ಮನೆಯಲ್ಲಿ ಮಾಡಬೇಡಿ. ಎರಡು ಬದಿಯ ತೂತುಗಳು ಕೂದಲೆಳೆಯಷ್ಟು ಓರೆಯಾದರೂ ಥ್ರಾಟಲ್ ಅಂಟುತ್ತದೆ, ಓಡುವ ಗಾಡಿಯಲ್ಲಿ ಅದು ಅಪಾಯ. ಲೇತ್ ಕೆಲಸ ಗೊತ್ತಿರುವವರಿಗೆ ಕೊಡಿ. ಕೊಡುವಾಗ ಎರಡೂ ಬಾಡಿ, ಸ್ಪಿಂಡಲ್ ಮತ್ತು ಥ್ರಾಟಲ್ ತಟ್ಟೆಗಳನ್ನು ಮಾತ್ರ ಕೊಡಿ. ಡ್ಯಾಶ್‌ಪಾಟ್, ಪಿಸ್ಟನ್, ಸೂಜಿಗಳನ್ನು ಮುಂದಿನದು ಹಿಂದಿನದು ಅಂತ ಚೀಟಿ ಅಂಟಿಸಿ ಮನೆಯಲ್ಲೇ ಇಟ್ಟುಕೊಳ್ಳಿ.